ನಾಯಿಯ ಹೊಟ್ಟೆ ಮುಟ್ಟಿ ನೋಡುವ ಗಾದ್ರಮ್ಮ

ಬೆಳಗಿನ ಆರೂವರೆ. ಚನ್ನಗಿರಿಯ ಖಾಸಗಿ ಪ್ರಾಣಿ ಚಿಕಿತ್ಸಾಲಯದ ಬಾಗಿಲು ಇನ್ನೂ ಅರ್ಧವೇ ತೆರೆದಿದೆ. ಗೂಡ್ಸ್ ಆಟೊದಿಂದ ಇಳಿದ ಕೆಂಚ ಎಂಬ ನಾಯಿ ಅಂಗಳದಲ್ಲಿ ಕಾಲೆತ್ತುತ್ತದೆ, ತಿಣುಕುತ್ತದೆ, ಒಂದು ಹನಿಯೂ ಬೀಳದೆ ಕಾಲಿಳಿಸುತ್ತದೆ. ಸಹಾಯಕಿ ಗಾದ್ರಮ್ಮ ಪಕ್ಕದಲ್ಲಿ ಕೂತು ಅದರ ಕೆಳಹೊಟ್ಟೆಗೆ ಬೆರಳಿಡುತ್ತಾರೆ. ಇಟ್ಟ ಕೈ ಕೆಂಡ ಮುಟ್ಟಿದಂತೆ ಹಿಂದೆ ಬರುತ್ತದೆ.

"ಅಯ್ಯೋ ನನ್ನಪ್ಪ, ಕಲ್ಲಾಗೈತಲ್ಲೋ! ಯಾವಾಗಿಂದ ಹಿಂಗೆ?"

"ನಿನ್ನೆ ಬೆಳಗ್ಗಿಂದ ಕಣಕ್ಕ. ಉಷ್ಣ ಆಗೈತೆ ಅಂತ ಎರಡು ಎಳನೀರು ಹೊಯ್ದೆ. ಜೀರಿಗೆ ನೀರೂ ಕುಡಿಸ್ದೆ," ಎನ್ನುತ್ತಾರೆ ಅಂಜಿನಪ್ಪ. ಜಗಳೂರು ಕಡೆಯ ಕುರಿಗಾಹಿ. ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಲು ತ್ಯಾವಣಿಗೆಗೆ ಬಂದಿದ್ದಾರೆ. ಮುನ್ನೂರು ಕುರಿಗೆ ಕೆಂಚ ಒಂದೇ ಕಾವಲು.

"ಮೇಲಿಂದ ಹೊಯ್ತಾನೇ ಹೋದ್ಯಲ್ಲ, ಹೊರಗೆ ಬರಾಕೆ ದಾರಿ ಎಲ್ಲೈತೋ ಮಾರಾಯ?"

ಗಾದ್ರಮ್ಮನಿಗೆ ಐವತ್ತೆರಡು. ಓದಿದ್ದು ಮೂರನೇ ಕ್ಲಾಸು. ಒಂಬತ್ತು ವರ್ಷಗಳ ಹಿಂದೆ ಇಲ್ಲಿ ಕಸ ಗುಡಿಸಲು ಸೇರಿದವರು. ಹೊನ್ನಾಳಿ, ನ್ಯಾಮತಿಯಿಂದಲೂ ಸೇರಿ ದಿನಕ್ಕೆ ಹತ್ತು ಹನ್ನೆರಡು ನಾಯಿಗಳು ಬರುತ್ತವೆ. ವೈದ್ಯೆ ಕಲ್ಪನಾ ಬರುವಷ್ಟರಲ್ಲಿ ಯಾವುದು ಕಾಯಬಲ್ಲದು, ಯಾವುದು ಕಾಯಲಾರದು ಎಂದು ಇವರ ಬೆರಳು ಹೇಳಿಬಿಟ್ಟಿರುತ್ತದೆ.

ಕೆಲಸಕ್ಕೆ ಸೇರಿದ ಮೂರನೇ ದಿನ ಡಾಕ್ಟರು ಯಾರಿಗೋ, "ಮೂತ್ರ ಕಟ್ಟಿದ ನಾಯಿಗೆ ನೀರು ಕುಡಿಸಬಾರದು," ಎಂದದ್ದು ಗಾದ್ರಮ್ಮನ ಕಿವಿಗೆ ಬಿತ್ತು. ಕೈಯಲ್ಲಿದ್ದ ಪೊರಕೆ ಜಾರಿತು. ಅದರ ಹಿಂದಿನ ಬೇಸಿಗೆಯಷ್ಟೇ ಅವರ ಮನೆಯ ನಾಯಿ ಹೀಗೆಯೇ ತಿಣುಕಿ ತಿಣುಕಿ ಸತ್ತಿತ್ತು.

"ಕೂಸಿಗೆ ಹಾಲು ಹಾಕೋ ಒಳಲೆಯಾಗೆ ಮಜ್ಜಿಗೆ ಹಾಕಿದ್ದು ನಾನೇ ಕಣ್ರೀ. ಬ್ಯಾಡ ಅಂತ ಮಕ ತಿರುಗಿಸ್ತಿತ್ತು. ಬಾಯಿ ಹಿಡ್ದು ಹಾಕ್ದೆ. ಉಳಿಸ್ತಿದೀನಿ ಅನ್ಕಂಡಿದ್ದೆ." ಹೇಳುವಾಗ ಅವರು ಅಳುವುದಿಲ್ಲ. ಆದರೆ ಆ ದಿನದ ದಿಗಿಲು ಕಣ್ಣಿನಲ್ಲಿ ಇನ್ನೂ ಹಾಗೆಯೇ ಇದೆ.

ಡಾಕ್ಟರು ಬಂದವರೇ ಒಳಗೆ ಮೊದಲು ಕೆಂಚನ ಹೊಟ್ಟೆಗೆ ಸೂಜಿ ಹಾಕಿ ಮೂತ್ರ ತೆಗೆಯುತ್ತಾರೆ. ಒಂದೂಕಾಲು ಲೀಟರ್, ಕೆಂಪಗೆ. ಅಂಜಿನಪ್ಪ ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡುತ್ತಾರೆ. "ಇಷ್ಟೂ ಅದರೊಳಗೆ ಇತ್ತಾ?"

ಮೂತ್ರನಾಳದ ಹಳೆಯ ಗಾಯ ಗಂಟುಕಟ್ಟಿ ದಾರಿ ಮುಚ್ಚಿದೆ. ತೆಳ್ಳನೆಯ ತಂತಿಯೊಂದು ಮಾತ್ರ ತೂರುತ್ತದೆ. ಅದರ ಮೇಲೆಯೇ ಸ್ಟೆಂಟ್ ಸಾಗಬೇಕು. ಬಾಲ್‌ಪೆನ್ನಿನ ಸ್ಪ್ರಿಂಗ್‌ನಂಥ ಈ ಲೋಹದ ಜಾಲರಿ ಒಳಗೆ ಹೋಗಿ ಅರಳಿದರೆ, ಮುಚ್ಚಿದ ದಾರಿ ತೆರೆದು ನಿಲ್ಲುತ್ತದೆ. ಎಕ್ಸ್‌ರೇ ಯಂತ್ರದ ಪಕ್ಕ ಭಾರದ ಸೀಸದ ಕೋಟು ತೊಟ್ಟು, ಮಂಪರಿನಲ್ಲಿರುವ ನಾಯಿ ಅಲುಗದಂತೆ ನಲವತ್ತು ನಿಮಿಷ ಹಿಡಿದು ನಿಲ್ಲುವವರು ಗಾದ್ರಮ್ಮ. ಇದುವರೆಗೆ ಸ್ಟೆಂಟ್ ಹಾಕುವಾಗ ಹೀಗೆ ಹಿಡಿದದ್ದು ಹದಿನೇಳು ನಾಯಿ. ಹದಿಮೂರು ಮನೆಗೆ ಹೋಗಿವೆ. ಉಳಿದ ನಾಲ್ಕರ ಹೆಸರೂ ಅವರಿಗೆ ಬಾಯಿಪಾಠ.

ಮಧ್ಯಾಹ್ನ ಮೂರಕ್ಕೆ ಕೆಂಚ ತೂರಾಡುತ್ತ ಅಂಗಳಕ್ಕೆ ಬರುತ್ತದೆ. ಗಾದ್ರಮ್ಮ ಅದರ ಪಕ್ಕದಲ್ಲೇ ಕೂರುತ್ತಾರೆ. ಕಾಲೆತ್ತುವ ಶಕ್ತಿಯಿಲ್ಲದೆ, ನಿಂತಲ್ಲೇ ಸರ್ರನೆ ಧಾರೆ ಬಿಡುತ್ತದೆ.

"ಯಕ್ಕಾ, ನಿನ್ನ ಸೀರಿ ಮ್ಯಾಲೆ!"

"ಬೀಳ್ಲಿ ಬಿಡೋ. ಬೀಳದಿದ್ರೆ ಹೆಂಗಿರ್ತಿತ್ತು ನಿನ್ನ ಮಕ?"

ಗಾದ್ರಮ್ಮ ಅಂಜಿನಪ್ಪನ ಒರಟು ಕೈ ಹಿಡಿದು ಕೆಂಚನ ಹೊಟ್ಟೆಯ ಮೇಲಿಡುತ್ತಾರೆ. "ಮೆತ್ತಗೈತಾ? ಇದನ್ನ ನೆಪ್ಪಿಟ್ಕೊ. ಕುರಿ ಕಾಯೋರಿಗೆಲ್ಲ ಹಿಂಗೇ ಕೈ ಹಿಡ್ದು ತೋರ್ಸು."

ಆಮೇಲೆ ಸೆರಗು ಹಿಂಡುತ್ತಾ, ತಮ್ಮಷ್ಟಕ್ಕೇ ಎಂಬಂತೆ ಹೇಳುತ್ತಾರೆ: "ಬೆಳಗ್ಗೆ ಬಾಗ್ಲು ತೆಗೆದಾಗ ಹಿಂಗೆ ಕಲ್ಲಾದ ಹೊಟ್ಟೆ ಒಂದೂ ಬರಬಾರ್ದು. ನಾನು ಬರೀ ಕಸ ಗುಡಿಸ್ಕಂಡು ಮನಿಗೆ ಹೋಗ್ಬೇಕು. ಅಷ್ಟೇ ಕಣ್ರೀ ನನ್ನಾಸೆ."