ಕೊನೆಯ ವಾರಕ್ಕೆ ತಳ್ಳಿದ ಪಾಠ

ಸೈನಿಕರ ತರಬೇತಿ ಶಾಲೆಯಲ್ಲಿ ನೀತಿಪಾಠ ಹೇಳುತ್ತಿದ್ದ ಟೀಚರು ಬಂದೂಕು ಮುಟ್ಟಿದವರಲ್ಲ. ಶರಣಾದವನನ್ನು ಹೊಡೆಯಬಾರದು, ಊರಿನವರನ್ನು ಹಿಂಸಿಸಬಾರದು ಎಂಬಲ್ಲಿಗೆ ಅವರ ಪಠ್ಯ ಮುಗಿಯುತ್ತಿತ್ತು. ಸೈನಿಕನ ಹೊಣೆ ಮನುಷ್ಯರ ಹತ್ತಿರವೇ ನಿಲ್ಲಬಾರದೆಂದು ಆಕೆ ತಾವೇ ಇನ್ನೊಂದು ಪಾಠ ಕಟ್ಟಿದರು. ಹೊರೆ ಹೊರುವ ಹೇಸರಗತ್ತೆ, ನೆಲಬಾಂಬು ಮೂಸುವ ನಾಯಿ, ಡೇರೆ ಪಕ್ಕದ ಕೆರೆ, ಯಾವುದೂ ಬರೀ ಸಾಮಾನಲ್ಲ ಎಂಬುದು ಅದರ ತಿರುಳು.

"ಮೇಡಂ, ಸೊಳ್ಳೆಗೂ ಸಲ್ಯೂಟ್ ಹೊಡೀಬೇಕಾ?" ಎಂದು ಹುಡುಗರು ಕಾಲೆಳೆಯುತ್ತಿದ್ದರು. ಗಂಡನದೂ ಅದೇ ರಾಗ: "ನಿನ್ ಹತ್ರ ನನಗಿಂತ ಕತ್ತೆಗೇ ಮರ್ಯಾದೆ ಜಾಸ್ತಿ ಬಿಡು."

ಪ್ರಿನ್ಸಿಪಾಲರು ಮಾತ್ರ ನಗಲಿಲ್ಲ. "ಚೆನ್ನಾಗಿದೆಯಮ್ಮ. ಆದ್ರೆ ಪರೀಕ್ಷೆ ಆದ್ಮೇಲೆ, ಕೊನೇ ವಾರ ಇಟ್ಕೊಳ್ಳಿ."

ಕೆಲಸ ಆಗಷ್ಟೇ ಖಾಯಂ ಆಗಿತ್ತು. ಸುಮ್ಮನೆ ಎದುರು ಹಾಕಿಕೊಳ್ಳುವುದೇಕೆಂದು ಟೀಚರು ತಲೆಯಾಡಿಸಿದರು. ಕೊನೆಯ ವಾರ ಯಾರ ಮನಸ್ಸೂ ಕ್ಲಾಸಿನಲ್ಲಿರುತ್ತಿರಲಿಲ್ಲ. ಅರ್ಧ ಬೆಂಚು ಖಾಲಿ, ಉಳಿದರ್ಧ ತೂಕಡಿಕೆ. ಹಾಗೇ ವರ್ಷಗಳು ಉರುಳಿದವು.

ಒಂದು ಸಂಜೆ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಈಗ ಅಧಿಕಾರಿ. ಕುರ್ಚಿಯ ತುದಿಯಲ್ಲಿ ಕುಳಿತು ತಲೆ ತಗ್ಗಿಸಿಕೊಂಡೇ ಹೇಳಿದ.

"ಬೆಟ್ಟದ ಠಾಣೆ ಬಿಟ್ಟು ಬನ್ನಿ ಅಂತ ಆರ್ಡರ್ ಬಂತು ಮೇಡಂ. ಹಿಮ ಬೀಳ್ತಿತ್ತು. ನಮ್ಮವರನ್ನೆಲ್ಲ ಎಣಿಸಿ ಇಳಿಸ್ಕೊಂಡು ಬಂದೆ. ಪದಕಾನೂ ಕೊಟ್ರು. ಲಾಯದಲ್ಲಿ ಹೇಸರಗತ್ತೆಗಳು ಕಟ್ಟಿದ ಹಾಗೇ ಇದ್ವು. ಹಿಮ ಕರಗಿದ್ಮೇಲೆ ಹೋಗಿ ನೋಡಿದ್ರೆ, ಗೊಂತಿನ ಮರಾನೆಲ್ಲ ಕಡಿದು ತಿಂದು ಸತ್ತಿದ್ವು. ಹಗ್ಗ ಬಿಚ್ಚಿದ್ರೆ ಸಾಕಿತ್ತು. ಎಣಿಸುವಾಗ ಅವು ನೆನಪಿಗೇ ಬರ್ಲಿಲ್ಲ."

ಟೀಚರು ಕುರ್ಚಿಯನ್ನು ಅವನ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

"ಅವೂ ನಮ್ಮ ಹೊಣೆ ಅಂತ ನೀವು ಕ್ಲಾಸಲ್ಲಿ ಹೇಳಿದ್ರಂತೆ. ನಾನು ಬಂದಿರ್ಲಿಲ್ಲ, ಊರಿಗೆ ಹೊರಡೋಕೆ ಪೆಟ್ಟಿಗೆ ಕಟ್ತಿದ್ದೆ."

'ನಿನ್ನ ತಪ್ಪಲ್ಲಪ್ಪ' ಎಂಬ ಮಾತು ತುಟಿಯವರೆಗೂ ಬಂದು ನಿಂತಿತು. ಅದು ನಿಜವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ನಾನೂ ಅದನ್ನ ಮೊದಲೇ ಹೇಳ್ಬೇಕಿತ್ತು" ಎಂದಷ್ಟೇ ಅಂದರು.

ಮರುದಿನ ನೇರವಾಗಿ ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಈ ಪಾಠವನ್ನು ಮೊದಲ ವಾರಕ್ಕೇ ಇಡಬೇಕೆಂದು ಪಟ್ಟು ಹಿಡಿಯಲು ಸಿದ್ಧರಾಗಿ ನಿಂತರು. ಪ್ರಿನ್ಸಿಪಾಲರು ಕನ್ನಡಕದ ಮೇಲಿಂದ ನೋಡಿ, "ಅದಕ್ಕೇನಂತೆ, ಇಟ್ಕೊಳ್ಳಿ. ಇಷ್ಟು ವರ್ಷದಲ್ಲಿ ಒಂದ್ಸಲ ಕೇಳ್ಬಾರದಾಗಿತ್ತೇನಮ್ಮ?" ಎಂದರು.

ಟೀಚರು ಹೊರಗೆ ಬಂದು ಜಗಲಿಯ ಕಂಬ ಹಿಡಿದು ನಿಂತರು. ಪ್ರಿನ್ಸಿಪಾಲರು ಬೇಡ ಎಂದಿದ್ದರೂ ಆಕೆಗೆ ಅಷ್ಟು ನೋವಾಗುತ್ತಿರಲಿಲ್ಲ.