ಅವ್ವ ನೆರಿಗೆ ಹಾಕಿದ ಬಾವ್

ಫ್ರೀಜರಿನಿಂದ ತೆಗೆದ ಬಾವ್‌ಗಳನ್ನು ಇಡ್ಲಿ ಪಾತ್ರೆಯಲ್ಲಿಟ್ಟು ಹತ್ತು ನಿಮಿಷವಾಗಿತ್ತು. ಮುಚ್ಚಳ ಎತ್ತಿದೆ ನೋಡಿ, ಉಬ್ಬಿದ ಹಿಟ್ಟು, ಶುಂಠಿ, ಬೆಂದ ಎಲೆಕೋಸು, ಮೂರೂ ಕೂಡಿದ ಆ ಹಬೆ ಮುಖಕ್ಕೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಮಗಳು ಬಾಂದ್ರಾದ ಅಂಗಡಿಯಿಂದ ಆಸೆಪಟ್ಟು ತಂದ ಚೀನೀ ಬನ್ನುಗಳು ಅವು. ಒಂದರ ನೆರಿಗೆಯಂತೆಯೇ ಇನ್ನೊಂದರದು, ಯಂತ್ರದ ಕೆಲಸ. "ಮಮ್ಮಿ, ಠಂಡಾ ಆಗ್ತದ, ತಿನ್ನು ನಾ," ಅಂದಳು. ಒಂದು ತುತ್ತು ತಿಂದೆ. ಚೆನ್ನಾಗಿಯೇ ಇತ್ತು, ಹಾಳಾದ್ದು. ಇಷ್ಟು ವರ್ಷಗಳ ಮೇಲೂ ಅದು ಚೆನ್ನಾಗಿರುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ.

ನಾನು ಶಾಲೆಗೆ ಹೋಗುತ್ತಿದ್ದಾಗ ಭಾಂಡುಪ್‌ನ ಚಾಳಿನ ಒಂದೇ ಖೋಲಿಯಲ್ಲಿ ಅಪ್ಪ, ಅವ್ವ, ನಾನು ಮತ್ತು ಅಪ್ಪನ ತಾಯಿ, ನನ್ನ ಆಯಿ. ವಿಜಾಪುರದ ಕಡೆಯವರು ನಾವು. ಮನೆಯಲ್ಲಿ ತತ್ತಿಯ ಹೆಸರೂ ಎತ್ತುವಂತಿರಲಿಲ್ಲ. ಅಪ್ಪನ ಫ್ಯಾಕ್ಟರಿ ಮುಚ್ಚಿದ ಮೇಲೆ ಅವ್ವ ಕೆಲಸಕ್ಕೆ ಹೊರಟಳು. ಬಾವ್ ಮಾಡಿ, ಫ್ರೀಜ್ ಮಾಡಿ ಹೋಟೆಲುಗಳಿಗೆ ಕಳಿಸುವ ಸಣ್ಣ ಕಾರ್ಖಾನೆ ಅದು. ಕಡಬಿನ ಅಂಚು ಮಡಚಿ ಪಳಗಿದ ಅವಳ ಬೆರಳುಗಳಿಗೆ ಅಲ್ಲಿ ಬಹಳ ಬೆಲೆ. ಬೆಳಿಗ್ಗೆ ಎಲೆಕೋಸಿನ ಬಾವ್, ಮಧ್ಯಾಹ್ನದ ಮೇಲೆ ಬೇರೆ ಮೇಜಿನಲ್ಲಿ ಕೋಳಿಯದು, ಹಂದಿಯದು. ಸಂಜೆ ಬಂದವಳೇ ಲಿಂಬೆ ಸಿಪ್ಪೆಯಿಂದ ಮೊಣಕೈವರೆಗೆ ಉಜ್ಜಿ ತೊಳೆದುಕೊಂಡು ಒಲೆ ಮುಟ್ಟುತ್ತಿದ್ದಳು. ಆಯಿಗೆ ಬೇಕರಿ ಕೆಲಸ ಅಂತ ಹೇಳಿದ್ದಳು. ನಿಜ ಗೊತ್ತಿದ್ದದ್ದು ಅಪ್ಪನಿಗೆ, ಮತ್ತು ಒಮ್ಮೆ ಅವಳನ್ನು ಕರೆಯಲು ಹೋಗಿ ಎಲ್ಲ ಕಂಡಿದ್ದ ನನಗೆ.

ನೆರಿಗೆ ಒಡೆದ ಎಲೆಕೋಸಿನ ಬಾವ್‌ಗಳನ್ನು ಮನೆಗೆ ಒಯ್ಯಲು ಬಿಡುತ್ತಿದ್ದರು. ಹಲ್ಲಿಲ್ಲದ ಆಯಿಗೆ ಅವೆಂದರೆ ಪ್ರಾಣ. ಗೋಡೆಗೆ ಒರಗಿ, ಬಿಸಿ ಬಾವ್ ಮುರಿದು ಶೇಂಗಾ ಚಟ್ನಿಯಲ್ಲಿ ಹೊರಳಿಸಿ, ಕಣ್ಣು ಮುಚ್ಚಿ ತಿನ್ನುತ್ತಿದ್ದಳು. ನನ್ನ ಸೊಸಿಯ ಕೈಗುಣ ನೋಡ್ರಿ ಎಂದು ಚಾಳಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ನನಗೋ ಸಾಕುಸಾಕಾಗಿತ್ತು. ಶಾಲೆಯ ಡಬ್ಬಿಗೂ ಅದೇ, ಸಂಜೆಯ ಊಟಕ್ಕೂ ಅದೇ. ಒಂದು ದಿನ ಹುಡುಗಿಯರು ನಕ್ಕರೆಂದು ಡಬ್ಬಿ ಮುಟ್ಟದೆ ವಾಪಸು ತಂದೆ. ನಿಮ್ಮವ್ವ ಮೈಮುರಿದು ದುಡಿದು ತಂದದ್ದನ್ನು ಚೆಲ್ಲುತ್ತೀಯಾ ಎಂದು ಆಯಿ ಬೈಯತೊಡಗಿದಳು. ನನ್ನ ನಾಲಿಗೆಗೆ ಏನು ಧಾಡಿ ಬಂದಿತ್ತೋ.

"ಅದ ಕೈಲೆ ದಿನಾ ಹಂದಿ ಮಾಂಸ ತುಂಬತಾಳ, ಗೊತ್ತೈತೇನ ನಿನಗ?" ಅಂದುಬಿಟ್ಟೆ.

ಆಯಿ ಕೂಗಾಡಲಿಲ್ಲ. ಅವ್ವ ಬಂದ ಮೇಲೆ ಹೌದೇನು ಎಂದು ಕೇಳಿದಳು; ಅವ್ವ ಹೌದು ಅಂದಳು. ಮರುದಿನದಿಂದ ಆ ಒಂದೇ ಖೋಲಿಯಲ್ಲಿ ಎರಡು ಸ್ಟೋವ್ ಹೊತ್ತಿದವು. ಆಯಿ ನಡುಗುವ ಕೈಯಿಂದ ತಾನೇ ರೊಟ್ಟಿ ಬಡಿದು, ಹಾಲಿನಲ್ಲಿ ನೆನೆಸಿ ನುಂಗುತ್ತಿದ್ದಳು. ಅವ್ವ ಕೆಲಸ ಬಿಡುವಂತಿರಲಿಲ್ಲ. ನಾವು ಉಣ್ಣುತ್ತಿದ್ದದ್ದೇ ಅದರಿಂದ. ಆಯಿಯ ಸ್ನಾನಕ್ಕೆ ನೀರು ಕಾಯಿಸುವುದು, ಸೀರೆ ಒಗೆಯುವುದು, ಕಾಲು ಒತ್ತುವುದು, ಎಲ್ಲ ಅವ್ವನೇ. ತುತ್ತು ಮಾತ್ರ ಅವಳ ಕೈಯಿಂದ ಬೇಡ. ಎಂಥ ಹಟವಪ್ಪ ಅದು! ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ, ಮರುಗಳಿಗೆಯೇ ಪಾಪ ಅನ್ನಿಸುತ್ತದೆ. ಅಷ್ಟು ಇಷ್ಟಪಟ್ಟು ಆಯಿ ಆಮೇಲೆ ಏನನ್ನೂ ತಿನ್ನಲಿಲ್ಲ.

ಅವಳು ಹಾಸಿಗೆ ಹಿಡಿದಾಗ ಅವ್ವ ಗಂಜಿ ಮಾಡಿ ಬಾಯಿಗೆ ಹಿಡಿದಳು. ಆಯಿ ಗೋಡೆಯ ಕಡೆ ಹೊರಳಿದಳು. ಅವ್ವ ಪಕ್ಕದ ಖೋಲಿಯ ಸುನಂದಾ ಮೌಶಿಗೆ ಅಕ್ಕಿ ಕೊಟ್ಟು, ಅವರಲ್ಲಿ ಗಂಜಿ ಮಾಡಿಸಿ, ಅವರ ಕೈಯಿಂದಲೇ ಕುಡಿಸಿದಳು. ತಾನು ಬಾಗಿಲಲ್ಲಿ ನಿಂತು ನೋಡಿದಳು. ನಾಲ್ಕು ದಿನಕ್ಕೆ ಆಯಿ ಹೋದಳು. ಮಣ್ಣು ಮಾಡಿ ಬಂದ ಸಂಜೆ ನಾನು ಅವ್ವನ ಸೆರಗು ಹಿಡಿದು, ನನ್ನಿಂದಲೇ ಇದೆಲ್ಲ ಆಯಿತು ಎಂದು ಬಿಕ್ಕಿ ಬಿಕ್ಕಿ ಅತ್ತೆ. ಅವ್ವ ನನ್ನ ತಲೆ ಸವರಿದಳು.

"ನೀ ಇದ್ದದ್ದು ಹೇಳಿದಿ. ಸುಳ್ಳು ಹೇಳಿದಾಕಿ ನಾನು."

ಅಷ್ಟೇ. ಆಮೇಲೆ ಆ ಮಾತು ನಮ್ಮಿಬ್ಬರ ನಡುವೆ ಬರಲೇ ಇಲ್ಲ. ಚಾಳು ಕೆಡವಿ ಟವರ್ ಕಟ್ಟಿದ್ದಾರೆ, ಅವ್ವನೂ ಇಲ್ಲ. ನನ್ನ ತಪ್ಪನ್ನು ನನಗೂ ಬಿಡದೆ ತಾನೇ ಹೊತ್ತುಕೊಂಡು ಹೋದಳಲ್ಲ, ಆ ಸಿಟ್ಟು ಯಾರ ಮೇಲೆ ತೀರಿಸಲಿ? ಒಂದು ಸಲ, ಒಂದೇ ಒಂದು ಸಲ ಬಾಯ್ತುಂಬ ಬೈದಿದ್ದರೆ ಸಾಕಿತ್ತು. ಅವ್ವ ಬೈಯಲಿಲ್ಲ.