ತಂಬೂರಿಯ ಬೆನ್ನಿಗೆ ಬಂದ ಜರ್ಮನ್ನರು

ಕಳೆದ ಶ್ರಾವಣದ ಒಂದು ಬೆಳಗ್ಗೆ ಅರ್ಧ ಗಂಟೆ ನಾನು ಜರ್ಮನ್ನರ ಶ್ರುತಿಗೆ ಶಿವನಾಮ ಜಪಿಸಿದೆ. ತಿಳಿದು ಮಾಡಿದ ಅಪಚಾರವಲ್ಲ. ಪೂಜೆಗೆಂದು ಮೊಬೈಲಿನಲ್ಲಿ ತಂಬೂರಿ ಹಚ್ಚಿದ್ದೆ. ಅದು ಮುಗಿದು, ಆ್ಯಪ್ ತಾನಾಗಿಯೇ ಬೇರೊಂದು ನಾದಕ್ಕೆ ಹೊರಳಿತ್ತು. ಕಣ್ಣು ಮುಚ್ಚಿದವನಿಗೆ ಅದು ತಿಳಿಯಲಿಲ್ಲ. ತಿಳಿದದ್ದು ಅಡುಗೆಮನೆಯಲ್ಲಿದ್ದ ನನ್ನಾಕೆಗೆ.

"ಏನ್ರಿ, ನಿಮ್ಮ ತಂಬೂರಿ ಹಿಟ್ಟಿನ ಗಿರಣಿ ಆಗೇತಲ್ಲ!"

ಡ್ರಮ್ ಶುರುವಾಗಿತ್ತು.

ಅದು ಕ್ರೌಟ್‌ರಾಕ್ ಅಂತೆ, ಜರ್ಮನ್ನರ ರಾಕ್ ಸಂಗೀತ. ಹುಳಿ ಎಲೆಕೋಸು ತಿನ್ನುವವರೆಂದು ಹಂಗಿಸಿ ಇಂಗ್ಲಿಷರು ಇಟ್ಟ ಹೆಸರು. (ಕಲೆಗೆ ಪಲ್ಯದ ಹೆಸರಿಡುವುದೂ ಒಂದು ವಿಮರ್ಶೆಯೇ?) ಅಂದಿನಿಂದ ಹನ್ನೆರಡು ಆಲ್ಬಮ್ ಕೇಳಿದ್ದೇನೆ. ಹೆಸರುಗಳು ನನ್ನ ನಾಲಿಗೆಗೆ ಹೊರಳುವುದಿಲ್ಲ. ನೀವೇ ಹುಡುಕಿ, ಎಪ್ಪತ್ತರ ದಶಕದವನ್ನೇ ಆರಿಸಿ. ಮೊದಲು, ಒಂದೇ ಡ್ರಮ್ ಪೆಟ್ಟು ಹತ್ತು ನಿಮಿಷ ಬದಲಾಗದೆ ನಡೆಯುವುದನ್ನು ಕೇಳಿ. ಆಮೇಲೆ ಡ್ರಮ್ಮೇ ಇಲ್ಲದೆ, ಸಿಂಥಸೈಜರ್ ಆಲಾಪದಂತೆ ಬೆಳೆಯುವುದನ್ನು. ಧ್ವನಿಮುದ್ರಿಸಿದ ಟೇಪನ್ನು ಕತ್ತರಿಸಿ ಅಂಟಿಸಿ ಮಾಡಿದ ಹಾಡುಗಳು ಕೊನೆಗಿರಲಿ. (ನನಗೆ ಮೂರನೆಯ ಸಲವೂ ತಲೆನೋವೇ ಬಂತು.) ತಾಳ ತಿರುಗಿ ಬಂದು ಸೇರುವ ಸಮಕ್ಕಾಗಿ ಮಾತ್ರ ಕಾಯಬೇಡಿ. ನಾನು ವಾರಗಟ್ಟಲೆ ಕಾದು ದಣಿದಿದ್ದೇನೆ.

ಕಾಖಂಡಕಿಯ ಗುರುಪಾದಪ್ಪನವರು ವಿಜಯಪುರದ ನಮ್ಮ ಸೋಮವಾರದ ಭಜನೆಗೆ ಬಹುಕಾಲದಿಂದ ತಬಲಾ ನುಡಿಸಿದವರು. ಹೋದ ವರ್ಷ ಬಲಗೈಗೆ ಲಕ್ವಾ ಹೊಡೆಯಿತು. ಬೆರಳು ಮರಳಿದವು, ವೇಗ ಮರಳಲಿಲ್ಲ. ನಾಚಿ, ಭಜನೆಗೆ ಬರುವುದನ್ನೇ ಬಿಟ್ಟರು. ನಾನು ಬಸ್ಸು ಹಿಡಿದು ಅವರೂರಿಗೆ ಹೋಗಿ, ಆ ಒಂದೇ ಪೆಟ್ಟಿನ ಆಲ್ಬಮ್ ಕೇಳಿಸಿದೆ.

"ಇಂವಗ ಬ್ಯಾರೆ ಏನೂ ಬರೂದಿಲ್ಲೇನ್ರಿ?"

"ಬರ್ತೈತಿ. ನುಡಸೂದಿಲ್ಲ."

ಗುರುಪಾದಪ್ಪನವರ ಬೆರಳು ತೊಡೆಯ ಮೇಲೆ ಆಡುತ್ತಿದ್ದವು. "ಇಷ್ಟ ಆದ್ರ, ನನ್ನ ಕೈಯಾಗೂ ಉಳದೈತಲ್ರಿ," ಎಂದರು.

ಮುಂದಿನ ಸೋಮವಾರ ಬಂದರು. ಮುಕ್ಕಾಲು ಗಂಟೆ ಬರೀ ಠೇಕಾ, ತಾಳದ ಮೂಲ ಬಡಿತವಷ್ಟೇ. ಒಂದೂ ಅಲಂಕಾರವಿಲ್ಲ, ಕೂದಲೆಳೆಯಷ್ಟೂ ಲಯ ಜಾರಲಿಲ್ಲ. ಅಂಥ ಭಜನೆಯನ್ನು ನಾನು ಈಚೆಗೆ ಹಾಡಿಲ್ಲ.

ಮಂಗಳಾರತಿ ಮುಗಿದಿತ್ತು. ನಮ್ಮ ಬಳಗದ ಬಟ್ಟೆ ವ್ಯಾಪಾರಿಯೊಬ್ಬರು ಗುರುಪಾದಪ್ಪನವರಿಗೆ ನಗುತ್ತ ಅಂದರು: "ಮಾಸ್ತರ, ಒಂದ ತಿಹಾಯಿನೂ ಇಲ್ಲೇನ್ರಿ? ಇವತ್ತ ಉಪ್ಪಿಲ್ಲದ ಸಾರು ಉಣಿಸಿದ್ರಿ ನೋಡ್ರಿ!" (ತಿಹಾಯಿ ಎಂದರೆ ಒಂದೇ ತುಣುಕನ್ನು ಮೂರು ಸಲ ನುಡಿಸಿ ಸಮಕ್ಕೆ ಇಳಿಸುವುದು. ಚಪ್ಪಾಳೆ ಬೀಳುವುದು ಅಲ್ಲಿಯೇ.)

ಎಲ್ಲರೂ ನಕ್ಕರು. ನಾನು ಬಾಯಿ ಬಿಡಲಿಲ್ಲ. ಗುರುಪಾದಪ್ಪನವರು ತಬಲಾಕ್ಕೆ ಗವಸು ಹಾಕಿದರು.

ಈ ಸೋಮವಾರ ಬರಲಿಲ್ಲ. ಫೋನ್ ಮಾಡಿದೆ.

"ನಾ ಜರ್ಮನಿಗೆ ಹೋಗೇನಂತ ಹೇಳ್ರಿ ಅವರಿಗೆ."

ಲಕ್ವಾ ಹೊಡೆದದ್ದು ಅವರ ಬಲಗೈಗೆ ಮಾತ್ರ, ನಮ್ಮ ಕಿವಿಗೂ ನನ್ನ ನಾಲಿಗೆಗೂ ಅಲ್ಲ ಎಂದು ನಾವು ಯಾವ ಧೈರ್ಯದಿಂದ ನಂಬಿದ್ದೇವೆ?